ಕುರಿ ಬಿಡುವ ಮುಂಚಿನ ಅಕ್ಕೋರು

ನಮ್ಮ ದೊಡ್ಡಿಯ ಶಾಲಿ ಮುಚ್ಚಿದ್ದು ಮಕ್ಕಳು ಬರಲಿಲ್ಲಂತ ಅಲ್ಲ. ಮಕ್ಕಳು ಬರುವ ಹೊತ್ತಿಗೆ ಶಾಲಿ ತಪಾಸಣಿಯ ಸಾಹೇಬರು ಬರಲಿಲ್ಲ, ಅಷ್ಟೇ. ಉಳಿದದ್ದೆಲ್ಲ ಮಂದಿ ಆಮ್ಯಾಲ ಕಟ್ಟಿದ ಕಥಿ.

ಕಲಿಸಲು ಬಂದ ಅಕ್ಕೋರ ಹೆಸರು ಕಮಲಾಬಾಯಿ, ಊರು ಶಹಾಪುರ. ಅವರನ್ನು ನೆನೆದರೆ ನನಗೆ ಮೊದಲು ನೆನಪಾಗುವುದು ಮುಖವಲ್ಲ, ಸೀನು. ಕುರಿ ವಾಸನಿ ಅವರಿಗೆ ಆಗಿಬರುತ್ತಿರಲಿಲ್ಲ. ಕುರಿಹಟ್ಟಿಯ ಕಡೆಯಿಂದ ಗಾಳಿ ಬೀಸಿದರೆ ಸಾಕು, ಒಂದರ ಹಿಂದೊಂದು ಸೀನು, ಮೂಗು ಹಣ್ಣುಮೆಣಸಿನಕಾಯಿ. ಅಂಥವರು ಬಂದು ಬಿದ್ದದ್ದು ಸುರಪುರದ ಗುಡ್ಡದ ಮಗ್ಗಲಿನ ನಮ್ಮ ಬ್ಯಾಡರ ದೊಡ್ಡಿ ಅನ್ನೋ ಸಣ್ಣ ಹಳ್ಳಿಗೆ. ಇಲ್ಲಿ ಮಂದಿಗಿಂತ ಕುರಿ ಹೆಚ್ಚು. ಇರಲು ಬೇರೆ ಜಾಗವಿಲ್ಲದೆ ನಮ್ಮ ಪಡಸಾಲಿಯಲ್ಲೇ ಉಳಿದರು. "ಈಕಿ ಸುಗ್ಗೀ ತನಕ ತಡಿಯಂಗಿಲ್ಲ" ಅಂತ ಮಗ ಹಣಮಂತಗ ನಾನು ಹೇಳಿದ್ದೆ.

ಮೊದಲು ಅವರೂ ಎಲ್ಲರಂಗ ಹತ್ತಕ್ಕೆ ಗಂಟಿ ಬಾರಿಸಿದರು. ಕೇಳುವವರು ಯಾರಿದ್ದರು? ಹುಡುಗರು ಕುರಿ ಹಿಂದೆ ಗುಡ್ಡ ಸೇರಿರುತ್ತಿದ್ದರು. ಖಾಲಿ ಕೋಣೆಯಲ್ಲಿ ಕೂತು ಕೂತು ಬ್ಯಾಸತ್ತು, ಒಂದಿನ ಒಲಿ ಮುಂದೆ ಬಂದು ಕುಕ್ಕರಿಸಿದರು.

"ಆಯಿ, ಕುರಿ ಯಾವಾಗ ಬಿಡ್ತೀರಿ?"

"ಬಿಸಿಲು ಬಿದ್ದು ಹುಲ್ಲಿನ ಇಬ್ಬನಿ ಆರಿದ ಮ್ಯಾಲ."

"ಅಲ್ಲೀ ತನಕ ಹುಡುಗರು ಏನ ಮಾಡ್ತಾವ?"

"ಬಡದಾಡ್ತಾವ."

"ಆ ಬಡದಾಡೋ ಹೊತ್ತು ನನಗ ಕೊಡ್ರಿ."

ಅಲ್ಲಿಂದ ಶಾಲಿ ನಸುಕಿಗೆ ಶುರು. ಅದೂ ಕೋಣೆಯಲ್ಲಲ್ಲ, ಕುರಿಹಟ್ಟಿಯ ಬಾಜೂಕ. ಯಾಕಂದರೆ ಮರಿಗಳನ್ನು ಹಾಲಿಗೆ ಬಿಡುವುದೂ ಅದೇ ಹೊತ್ತು, ಹುಡುಗರು ಅಲ್ಲಿರಲೇಬೇಕು. ನಮ್ಮ ಕಂಬಳಿ ಹೊದ್ದು, ಸೆರಗು ಮೂಗಿಗೆ ಒತ್ತಿ, ಸೀನುತ್ತ ಕಲಿಸುತ್ತಿದ್ದರು.

ನಮ್ಮಲ್ಲಿ ಒಂದೊಂದು ಮನಿಯವರು ತಮ್ಮ ಕುರಿಯ ಕಿವಿಯನ್ನು ಒಂದೊಂದು ನಮೂನಿ ಕತ್ತರಿಸುತ್ತಾರೆ. ಒಬ್ಬರದು ತುದಿ ಸೀಳಿದ್ದು, ಇನ್ನೊಬ್ಬರದು ಅಂಚು ಕೊಯ್ದದ್ದು. ಗುಡ್ಡದಾಗ ಎಲ್ಲಾ ಕುರಿ ಕಲೆತರೂ ಯಾರವು ಅಂತ ತಿಳಿಯಬೇಕಲ್ಲ. ಅಕ್ಕೋರು ಪಾಟಿಯ ಮ್ಯಾಲ ಮೊದಲು ಬರೆಸಿದ್ದು ಈ ಕಿವಿಗಳನ್ನು. ಕಿವಿಯ ಕೆಳಗೆ ಆ ಮನಿಯವರ ಹೆಸರು.

ನನಗೆ ಇದು ಸೇರಲಿಲ್ಲ. "ಅಕ್ಕೋರ, ಕುರಿ ಕಿವಿ ನಾ ಕಲಸ್ತೀನಿ. ಸರಕಾರ ನಿಮಗ ಪಗಾರ ಕೊಡೋದು ಕಿವಿ ಬರಿಯಾಕೇನು?"

"ಸಂತಿಯಿಂದ ಹೊಸ ಕುರಿ ತಂದ್ರ ಏನ ಮಾಡ್ತೀರಿ, ಆಯಿ?"

"ಹಳೇ ಕುರಿ ಜೋಡಿ ಕಟ್ಟತೀವಿ. ಇಲ್ಲಂದ್ರ ಬೆದರಿ ಓಡತದ."

"ಅಕ್ಷರನೂ ಹಂಗ" ಅಂದು ಸೀನಿದರು.

ಆ ಮಳಿಗಾಲ ಮುಗಿಯುವುದರೊಳಗ ನನ್ನ ಮೊಮ್ಮಗಳು ದ್ಯಾಮಿ ಪುಸ್ತಕ ಓದತೊಡಗಿದಳು. ನಾನು ಬಾಯಿ ಮುಚ್ಚಿಕೊಂಡೆ.

ಸಾಹೇಬರು ಮುಚ್ಚಿಕೊಳ್ಳಲಿಲ್ಲ. ಅವರ ಜೀಪು ಬರುವುದು ಬಿಸಿಲೇರಿದ ಮ್ಯಾಲ. ಬಂದಾಗೆಲ್ಲ ಕೋಣೆ ಖಾಲಿ, ಅಕ್ಕೋರು ಒಬ್ಬರೇ.

"ಮುಂಜಾನಿ ಬಂದು ಕಲ್ತು ಹೋಗ್ಯಾವ್ರಿ, ಸಾಹೇಬ್ರ."

"ನಿಮ್ಮ ಕುರಿ ಟೈಮಿಗಿ ಸರಕಾರ ಏಳಬೇಕೇನ್ರಿ? ಸೋಮವಾರ ಬರ್ತೀನಿ. ಮಕ್ಕಳು ಇರಲಿಲ್ಲಂದ್ರ ಈ ಶಾಲಿ ಬಾಗಿಲು ಹಾಕಿ ಕ್ಯಾಂಪಿನ ಶಾಲಿಗಿ ಸೇರಸ್ತೀನಿ."

ಕ್ಯಾಂಪು ಅಂದರೆ ಕಾಲುವಿ ನೀರು ಬಂದ ಮ್ಯಾಲ ಆಂಧ್ರದಿಂದ ಬಂದು ಭತ್ತ ಹಚ್ಚಿದವರ ಊರು. ಹೋಗುವ ದಾರಿ ಕಾಲುವಿಯ ದಂಡಿಯ ಮ್ಯಾಲೇ. ನಮ್ಮವು ಗುಡ್ಡದ ಮಕ್ಕಳು, ಕಲ್ಲು ಹತ್ತುತ್ತಾವ, ಈಜು ಬರುವುದಿಲ್ಲ. ಹಿಂದಿನ ವರ್ಷ ಮಗ್ಗಲ ಮನಿಯ ಹುಡುಗಿ ಕೊಡ ಅದ್ದಲು ಹೋಗಿ ಜಾರಿದಳು. ಸಿಮೆಂಟಿನ ಇಳಿಜಾರು, ಹಿಡಿಯಲು ಒಂದು ಬೇರಿಲ್ಲ. ಮ್ಯಾಲ ಬರಲಿಲ್ಲ.

ಹಣಮಂತ ಅವತ್ತೇ ಹೇಳಿಬಿಟ್ಟ: "ಇಲ್ಲೀ ಶಾಲಿ ಮುಚ್ಚಿದ್ರ ದ್ಯಾಮಿ ಓದೂ ಮುಚ್ಚಿತು. ಆ ದಂಡಿ ಮ್ಯಾಲ ನನ್ನ ಮಗಳ್ನ ಕಳಸಂಗಿಲ್ಲ."

ಅವನದು ತಪ್ಪಂತ ನಾನೂ ಅನ್ನಲಿಲ್ಲ.

ಸೋಮವಾರ ಅಕ್ಕೋರು ಮನಿ ಮನಿ ತಿರುಗಿ ಕೈ ಮುಗಿದರು. ಇವತ್ತೊಂದಿನ ಕುರಿ ತಡದು ಬಿಡ್ರಿ, ಮಕ್ಕಳ್ನ ಕೂಡ್ಸ್ರಿ. ಕೂಡಿಸಿದರು. ಇಬ್ಬನಿ ಆರಿತು. ಜೀಪಿಲ್ಲ. ಹತ್ತಾಯಿತು, ಹನ್ನೊಂದಾಯಿತು. ಹಟ್ಟಿಯೊಳಗ ಕುರಿ ಒದರಲು ಹತ್ತಿದವು. ಹಸಿದ ಕುರಿ ಒದರುವುದು ಕೇಳಿದವರಿಗೇ ಗೊತ್ತು. ಶಾಲಿ ಕೋಣೆಯೊಳಗಿನ ಹುಡುಗರ ಕಾಲು ನಿಲ್ಲಲಿಲ್ಲ. ಬಿಸಿಲು ನೆತ್ತಿಗೆ ಬಂತು. ಗಂಡಸರು ಹಟ್ಟಿಯ ಬಾಗಿಲಿಗೆ ಬಂದರು. ಅಕ್ಕೋರು ಅಡ್ಡ ನಿಂತರು, ಕಣ್ಣು ಮೂಗು ಸುರಿಯುತ್ತಿತ್ತು.

"ಸರೀರಿ ಅಕ್ಕೋರ" ಅಂದ ಹಣಮಂತ.

"ಇನ್ನೊಂಚೂರು, ಅಣ್ಣಾ. ಬರ್ತಾರ."

"ನಿಮ್ಮ ಸಾಹೇಬ್ರಿಗಿ ಊಟ ಆಗಿರ್ತದ. ಇವಕ್ಕ ಆಗಿಲ್ಲ."

ಅಕ್ಕೋರು ಸರಿದರು. ಕುರಿ ಹೋದವು, ಹಿಂದೇ ಹುಡುಗರೂ ಹೋದವು. ದ್ಯಾಮಿ ಒಬ್ಬಾಕಿ ಉಳಿದಳು, ನಾನು ಅವಳ ಜಡಿ ಹಿಡಿದಿದ್ದೆನಲ್ಲ.

ಹೊತ್ತು ವಾಲಿದ ಮ್ಯಾಲ ಜೀಪು ಬಂತು. ಸಾಹೇಬರು ಗೋಡಿಯ ಹಲಗಿ ಮ್ಯಾಲಿನ ಚಿತ್ರ ನೋಡಿದರು.

"ಇವೇನ್ರಿ?"

"ಕಿವಿ" ಅಂದಳು ದ್ಯಾಮಿ. ಕೇಳದೇ ಪುಸ್ತಕ ತೆಗೆದು ಒಂದು ಪಾಠ ಗಡಗಡ ಓದಿ ಮುಗಿಸಿದಳು.

"ಓದ್ತಾಳ, ಖರೆ" ಅಂದರು ಸಾಹೇಬರು. "ಒಬ್ಬಾಕಿ ಸಲುವಾಗಿ ಶಾಲಿ ನಡಸಾಕ ಆಗಂಗಿಲ್ಲ."

"ನಾಳಿ ನಸುಕಿಗಿ ಬರ್ರಿ, ತುಂಬಿರ್ತದ" ಅಂದರು ಅಕ್ಕೋರು.

"ನಸುಕಿಗಿ ಡ್ರೈವರ್ ಬರಂಗಿಲ್ಲ."

ಹಂಗ ಮುಚ್ಚಿತು. ಅಕ್ಕೋರಿಗೆ ಯಾದಗಿರಿ ಆಚೆ, ಕಡೇಚೂರಿನ ಕಡೆ ಬದಲಿ ಆಯಿತು. ಹುಣಸಗಿಯಿಂದ ಸುರಪುರಕ್ಕೆ ಹೋಗುವ ಬಸ್ಸಿಗೆ ನಾನೇ ಅವರ ಟ್ರಂಕು ಹೊತ್ತು ರಸ್ತಿಗೆ ಬಂದೆ. 

"ದ್ಯಾಮೀನ ಬಿಡಸಬ್ಯಾಡ್ರಿ, ಆಯಿ."

"ಕಾಲುವಿ ದಂಡಿ ನೀವು ನೋಡೀರಿ."

"ನೋಡೀನಿ. ಅದಕ್ಕ ಹಣಮಂತಣ್ಣಗ ಹೇಳಲಿಲ್ಲ, ನಿಮಗ ಹೇಳಾಕತ್ತೀನಿ."

ಬಸ್ಸು ಬಂತು, ಹತ್ತಿದರು. ಆಮೇಲೆ ಅವರನ್ನು ನಾನು ನೋಡಿಲ್ಲ. ಎಲ್ಲಿದ್ದಾರೋ, ಇದ್ದಾರೋ ಇಲ್ಲೋ, ಅದೂ ಗೊತ್ತಿಲ್ಲ.

ಮರುದಿನ ಮುಂಜಾನಿ ದ್ಯಾಮಿಗೆ ಜಡಿ ಹಾಕಿ ರೊಟ್ಟಿ ಕಟ್ಟಿದೆ. ಹಣಮಂತ ಬಾಗಿಲಲ್ಲಿ ನಿಂತ.

"ಎಲ್ಲಿಗಿ?"

"ಕ್ಯಾಂಪಿಗಿ, ಶಾಲಿಗಿ."

"ಯವ್ವಾ, ನಾ ಹೇಳೀನಿ—"

"ಹೇಳೀದಿ, ಕೇಳೀನಿ. ಬಾಗಿಲು ಬಿಟ್ಟು ಸರಿ."

ಕಾಲುವಿ ತುಂಬಿ ಹೊಂಟಿತ್ತು. ನನಗೂ ಈಜು ಬರುವುದಿಲ್ಲ. ದ್ಯಾಮೀನ ಹೊಲದ ಕಡೆ ಹಾಕಿ, ಅವಳ ರಟ್ಟಿ ಹಿಡಿದು, ನೀರಿನ ಮಗ್ಗಲಿಗೆ ನಾನಾಗಿ ದಂಡಿ ಮ್ಯಾಲ ನಡೆದೆ.