ಫಿಟ್ಟರ್ ಕಾಕಾನ ಪಥ್ಯ

ಎಷ್ಟು ತಿಕ್ಕಿ ತೊಳೆದರೂ ಫಿಟ್ಟರ್ ಕಾಕಾನ ಉಗುರಿನ ಸಂದಿಯ ಗ್ರೀಸು ಹೋಗುತ್ತಿರಲಿಲ್ಲ. ಹುಬ್ಬಿನ ಮೇಲೆ ಸದಾ ತೌಡಿನ ಪುಡಿ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಯಂತ್ರ ರಿಪೇರಿ ಅವರ ಕೆಲಸ. ಓಣಿಯಲ್ಲಿ ಯಾರ ಕೀಲಿಕೈ ಕಳೆದರೂ ಬೀಗ ತೆಗೆಯಲು ಅವರೇ ಬೇಕು. "ಕೀಲಿಗೆ ಬೈಬ್ಯಾಡ್ರಿ, ಮಾತಾಡಿಸ್ರಿ," ಅನ್ನುವರು. ನಾನು ಪಕ್ಕದ ಮನೆಯವಳು, ಆಗಷ್ಟೇ ಒಂದು ದವಾಖಾನೆಯಲ್ಲಿ ನರ್ಸ್ ಆಗಿ ಸೇರಿದ್ದೆ. ನನ್ನನ್ನು "ಸೂಜಿಬಾಯಿ" ಎಂದು ಕಾಡಿಸುತ್ತಿದ್ದರು.

ಎಂಬತ್ತರ ದಶಕದ ಕೊನೆಗೆ ಅವರಿಗೆ ಜ್ವರ ಹತ್ತಿತು. ಬಳ್ಳಾರಿಗೆ ಕಳಿಸಿದ ರಕ್ತದಲ್ಲಿ ಟೈಫಾಯ್ಡಿನ ಜಾತಿಯ ರೋಗಾಣು ಸಿಕ್ಕಿತು. ಔಷಧ, ಗಂಜಿ, ಪಥ್ಯ. ಜ್ವರ ಇಳಿಯಿತು. ತಿಂಗಳೊಪ್ಪತ್ತಿನಲ್ಲಿ ಮತ್ತೆ ಬಂತು. ರಕ್ತದಲ್ಲಿ ಮತ್ತೆ ಅದೇ. "ಪಥ್ಯ ಮುರದಾರ," ಎಂದರು ಡಾಕ್ಟರು. ನಾನೂ ಅದನ್ನೇ ಹೇಳಿದೆ. ನನಗೆ ಗೊತ್ತಿದ್ದದ್ದೇ ಅಷ್ಟು.

ಕಾಕಾನ ಹೆಂಡತಿ, ನಾನು ಚಿಗವ್ವ ಎಂದು ಕರೆಯುತ್ತಿದ್ದವಳು, ಅಡುಗೆಮನೆಗೆ ಬೀಗ ಜಡಿದಳು. ಮೂರನೆಯ ಸಲ ಜ್ವರ ಏರಿದಾಗ ನನ್ನೆದುರಿಗೇ ಸಿಡಿದಳು: "ಊರ ಕೀಲಿ ತಗಿಯೋರಿಗೆ ನನ್ನ ಕೀಲಿ ಯಾವ ಲೆಕ್ಕ! ಏನ್ ತಿಂದ್ರಿ, ಹೇಳ್ರಿ."

"ನಮ್ಮವ್ವನಾಣಿ, ಒಂದ್ ಮಿರ್ಚಿ ಭಜಿ ಸೈತ ಮುಟ್ಟಿಲ್ಲ."

"ಸತ್ತ ಅವ್ವನ ಮ್ಯಾಲ ಸುಳ್ಳ ಆಣಿ ಮಾಡಬ್ಯಾಡ್ರಿ!"

ಕಾಕಾ ನನ್ನ ಕಡೆ ನೋಡಿದರು. "ನೀನರ ನಂಬ್ತೀಯಿಲ್ಲೋ, ಸೂಜಿಬಾಯಿ?"

ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ, ಥರ್ಮಾಮೀಟರ್ ಜಾಡಿಸುತ್ತಾ "ಬಾಯಿಚಪಲ ಬಿಡ್ರಿ ಕಾಕಾ" ಎಂದುಬಿಟ್ಟೆ. ಮರುದಿನ ಅವರು ಸ್ಪ್ಯಾನರು, ಸ್ಕ್ರೂ ಡ್ರೈವರುಗಳ ಚೀಲವನ್ನೇ ನಮ್ಮ ಮನೆಗೆ ಕಳಿಸಿದರು, ಇನ್ನಾದರೂ ನಂಬಲಿ ಎಂದು. ಜ್ವರ ಮಾತ್ರ ಬಿಡಲಿಲ್ಲ. ಎಲುಬು ಎಣಿಸುವಂತೆ ಸೊರಗಿ, ಆ ಬೇಸಿಗೆಯಲ್ಲೇ ಹೋಗಿಬಿಟ್ಟರು.

ಎಷ್ಟೋ ವರ್ಷಗಳ ಮೇಲೆ ಕೊಪ್ಪಳದಲ್ಲಿ ಒಂದು ತರಬೇತಿಗೆ ಕೂತಿದ್ದೆ. ಎಚ್‌ಐವಿ ಬಲಿತು ಮೈಯ ಶಕ್ತಿ ಕುಸಿದವರಲ್ಲಿ ಟೈಫಾಯ್ಡಿನ ಜಾತಿಯ ರೋಗಾಣು ರಕ್ತಕ್ಕೆ ಇಳಿಯುತ್ತದೆ, ಔಷಧ ನಿಂತ ಮೇಲೆ ಮತ್ತೆ ಮತ್ತೆ ಬರುತ್ತದೆ, ಎಂದರು. ಕಾಕಾನ ಜ್ವರ ನೆನಪಾಯಿತು. ಗಂಗಾವತಿಗೆ ಬರುವ ಮೊದಲು ಕಾಕಾನಿಗೆ ಮುಂಬಯಿಯಲ್ಲಿ ಹೊಟ್ಟೆಯ ಆಪರೇಷನ್ ಆಗಿ ರಕ್ತ ಏರಿಸಿದ್ದರು. ಅದರಿಂದಲೇ? ಅಥವಾ ಬೇರೆ ಏನೋ? ಯಾರೂ ಪರೀಕ್ಷೆ ಮಾಡಿರಲಿಲ್ಲ, ಆಗ ನಮ್ಮ ಕಡೆ ಅದರ ಹೆಸರೂ ಗೊತ್ತಿರಲಿಲ್ಲ. ನನಗೆ ಇವತ್ತಿಗೂ ತಿಳಿಯದು.

ಒಂದು ಮಾತು ಮಾತ್ರ ಹೇಳಲೇಬೇಕಿತ್ತು. ಯಲಬುರ್ಗಾದಲ್ಲಿ ಮಗಳ ಮನೆಯಲ್ಲಿದ್ದ ಚಿಗವ್ವನ ಹತ್ತಿರ ಹೋದೆ. ರೋಗದ ಹೆಸರು ಎತ್ತಲಿಲ್ಲ.

"ಚಿಗವ್ವ, ಕಾಕಾ ಖರೇನ ಹೇಳಿದ್ರು. ಪಥ್ಯ ಮುರದು ಬಂದ ಜ್ವರ ಅಲ್ಲ ಅದು. ಅವರು ಏನೂ ತಿಂದಿರ್ಲಿಲ್ಲ."

ಅವಳಿಗೆ ಸಮಾಧಾನ ಆಗುತ್ತದೆ ಎಂದುಕೊಂಡಿದ್ದೆ.

"ಹಂಗಾದ್ರ," ಅಂದಳು, "ಹಸ್ಕೊಂಡ ಹ್ವಾದ್ರೇನವಾ ಅವರು?"