ವಿಮಾನ ಇಳಿಯುವ ಮುಂಚೆ ಗುಡಿಸಿದ ಮನೆ

ನನ್ನ ಮೊಮ್ಮಗಳು ಬಂದಳು! ಏಳು ತಿಂಗಳ ಕೂಸು, ಅಪ್ಪ ಅಮ್ಮನ ಜೊತೆ ಮಸ್ಕತ್ತಿನಿಂದ ವಿಮಾನದಲ್ಲಿ ಹಲಸೂರಿನ ನಮ್ಮ ಮನೆಗೆ ಬಂದಳು. ಹುಟ್ಟಿದ್ದೂ ಅಲ್ಲೇ, ನಾನು ಅವಳನ್ನು ಫೋನಿನಲ್ಲಿ ಮಾತ್ರ ನೋಡಿದ್ದೆ. ಯಾರು ಸಿಕ್ಕರೂ ಇದನ್ನೇ ಹೇಳುತ್ತೇನೆ. ಆದರೆ ಆ ಮಧ್ಯಾಹ್ನ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಹಿಂದಿನ ದಿನ ಮಗಳು ಫೋನಿನಲ್ಲಿ ಹೇಳಿದ್ದಳು: “ಬೆಳಿಗ್ಗೆ ಹತ್ತಕ್ಕೆ ಫ್ಲೈಟಮ್ಮ. ಎರಡು ಸಾವಿರ ಕಿಲೋಮೀಟರ್ ಮೇಲಿದೆ, ಆದ್ರೂ ಮೂರೇ ಗಂಟೆ. ಇಳಿದ ತಕ್ಷಣ ಫೋನ್ ಮಾಡ್ತೀನಿ.”

ಮುಳಬಾಗಿಲಿಗೆ ಬಸ್ಸಿನಲ್ಲಿ ಹೋದರೂ ಮೂರು ಗಂಟೆ ಹಿಡಿಯುತ್ತದೆ! ನಾನು ಓದಿದ್ದು ಮೂರನೇ ಕ್ಲಾಸು. ಹತ್ತರಿಂದ ಮೂರು ಗಂಟೆ ಎಣಿಸಿದರೆ ಒಂದಾಗುತ್ತದೆ ಎನ್ನುವಷ್ಟು ಲೆಕ್ಕ ನನಗೂ ಬರುತ್ತದೆ.

ಮನೆಯವರು ಪ್ರಯಾಣ ಹೊರಟರೆ ತಲುಪುವವರೆಗೆ ನಾವು ಕಸ ಗುಡಿಸುವುದಿಲ್ಲ. ಗುಡಿಸಿದರೆ ಹೋದವರನ್ನೇ ಆಚೆಗೆ ತಳ್ಳಿದಂತೆ ಎಂದು ನಮ್ಮತ್ತೆ ಹೇಳುತ್ತಿದ್ದರು. ಮಗಳು ಹೊರಟಿದ್ದು ಬೇರೆ ದೇಶದಿಂದಾದರೂ ನಾನು ಪೊರಕೆ ಮುಟ್ಟಲಿಲ್ಲ, ಸೊಸೆಗೂ ಮುಟ್ಟಗೊಡಲಿಲ್ಲ. ಒಂದು ಹೊಡೆದ ಮೇಲೆ, “ಇಳಿದಿರ್ತಾರೆ, ಗುಡಿಸಮ್ಮ” ಎಂದೆ. ಅವಳು ಮೂಲೆಮೂಲೆಯನ್ನೂ ಗುಡಿಸಿ ಕಸ ಆಚೆ ಹಾಕಿ ಬಂದಳು.

ಫೋನು ಬರಲಿಲ್ಲ. ನಾವೇ ಮಾಡಿದರೆ ಮಗಳದೂ ಅಳಿಯನದೂ ಸ್ವಿಚ್ ಆಫ್. ಎರಡಾಯಿತು. ಹಳೆ ಏರ್‌ಪೋರ್ಟ್ ಕಡೆಯಿಂದ ಮಿಲಿಟರಿ ವಿಮಾನವೊಂದು ಎದ್ದು ನಮ್ಮ ತಾರಸಿಯ ಮೇಲೆ ಗುಡುಗಿಕೊಂಡು ಹೋಯಿತು. ಬೀರುವಿನ ಕನ್ನಡಿ ಅದುರಿತು. ಎಷ್ಟೋ ವರ್ಷದಿಂದ ಕೇಳುತ್ತಿರುವ ಸದ್ದು, ಅವತ್ತು ಕಿವಿ ಮುಚ್ಚಿಕೊಂಡೆ. ಒಂದು ಕಡ್ಡಿಯೂ ಇಲ್ಲದ ಆ ನೆಲವನ್ನು ನೋಡಲಾರದೆ ಆಚೆ ಮೆಟ್ಟಿಲ ಮೇಲೆ ಕುಳಿತೆ.

ಪಕ್ಕದ ಮನೆಯಾಕೆ ಇಣುಕಿದಳು. “ಏನಕ್ಕಾ, ಪಾಪು ಬಂತಾ?”

“ಇನ್ನೂ ಇಲ್ಲ.”

“ಒಂದಕ್ಕೇ ಇಳೀತಾರೆ ಅಂದ್ರಿ? ಟಿವಿ ಹಾಕಿ ನೋಡಿದ್ರಾ?”

ಒಳಗೆ ಸೊಸೆ ರಿಮೋಟ್ ಎತ್ತಿಕೊಂಡಳು. “ಹಾಕ್ಬೇಡ ಕಣೇ!” ಎಂದು ಕಿರುಚಿದೆ. ಅವಳ ಮುಖ ಬಿಳುಚಿತ್ತು.

“ನಾನೇ ಅಲ್ವಾ ಅತ್ತೆ ಗುಡಿಸಿದ್ದು?”

“ಹೇಳಿದ್ದು ನಾನಲ್ವಾ?”



ಮೂರರ ಹತ್ತಿರ ಫೋನು ಬಡಿದುಕೊಂಡಿತು. “ಅಮ್ಮಾ, ಇಳಿದ್ವಿ!” ಹಿಂದೆ ಕೂಸಿನ ಅಳು.

“ಈಗ್ಲಾ? ಒಂದಕ್ಕೇ ಇಳೀಬೇಕಿತ್ತಲ್ಲೇ!”

“ಅಯ್ಯೋ, ಹತ್ತು ಅಂದಿದ್ದು ಅಲ್ಲಿನ ಹತ್ತಮ್ಮ. ಆಗ ನಿಮ್ಮ ಗಡಿಯಾರದಲ್ಲಿ ಹನ್ನೊಂದೂವರೆ. ನಾವು ಸರಿಯಾದ ಟೈಮಿಗೇ ಬಂದಿದೀವಿ.”

ಒಂದೊಂದು ದೇಶಕ್ಕೆ ಒಂದೊಂದು ಹೊತ್ತು ಎಂದು ನನಗೇನು ಗೊತ್ತು? ಹಾಗಾದರೆ ಕೂಸು ಸಮುದ್ರದ ಮೇಲೆ ಇರುವಾಗಲೇ ನಾವು ಮನೆ ಗುಡಿಸಿದ್ದೆವು.

ಸಂಜೆ ಟ್ಯಾಕ್ಸಿ ಬಂದಾಗ ಆರತಿ ತಟ್ಟೆ ಹಿಡಿದು ಓಡಿದ ಅವಸರಕ್ಕೆ ಅರ್ಧ ನೀರು ನನ್ನ ಸೀರೆಗೇ ಚೆಲ್ಲಿತು. ಮಗನೂ ಕೆಲಸದಿಂದ ಬಂದ. ಸೊಸೆಯನ್ನು ಬಡಿಸಲು ಬಿಡದೆ ಪಕ್ಕದಲ್ಲೇ ಕೂರಿಸಿಕೊಂಡೆ. ಪಾತ್ರೆಗಳನ್ನು ನಡುವೆ ಇಟ್ಟುಕೊಂಡು ಎಲ್ಲರೂ ನೆಲದ ಮೇಲೆ ಕುಳಿತು ಹುಳಿ ಅನ್ನ, ಶಾವಿಗೆ ಪಾಯಸ ಉಂಡೆವು. ಕೂಸು ನನ್ನ ತೊಡೆಯ ಮೇಲೇ ನಿದ್ದೆ ಹೋಗಿತ್ತು. ಅದರ ಪುಟ್ಟ ಎದೆ ಏರಿಳಿಯುವುದನ್ನು ಪ್ರತಿ ತುತ್ತಿಗೂ ಒಮ್ಮೆ ನೋಡಿಕೊಳ್ಳುತ್ತಾ ಉಂಡೆ.