ಪೇಂಟಿನ ಮೇಲೆ ಬಿಗಿದ ಬೋಲ್ಟು

ಮೇಷ್ಟ್ರು ಹೊಸದಾಗಿ ಕೊಂಡ ಹಳೇ ಕಾರಿನ ಹೆಡ್‌ಲೈಟು ಮಿಣಮಿಣ ಅನ್ನುತ್ತಿತ್ತು. ಆಟೋ ಎಲೆಕ್ಟ್ರಿಷಿಯನ್ ಬಲ್ಬು, ಫ್ಯೂಸು, ರಿಲೇ ಎಲ್ಲ ಜಾಲಾಡಿ ಕೊನೆಗೆ ಅರ್ಥಿಂಗ್ ವೈರಿನ ಬೋಲ್ಟು ಬಿಚ್ಚಿದ. ಕೆಳಗೆ ಬಾಡಿಯ ಪೇಂಟು ಹಾಗೇ ಇತ್ತು. ಅದನ್ನು ಕೆರೆಯದೆ ಬಿಗಿದರೆ ಕರೆಂಟು ಹರಿಯುವುದಾದರೂ ಹೇಗೆ?

ಹತ್ತು ವರ್ಷದ ಹಿಂದೆ ಇನ್ನೊಂದು ಕಾರಿನಲ್ಲಿ ಇದೇ ತಪ್ಪು ಸಿಕ್ಕಾಗ, ಜೊತೆಗೆ ಕೆಲಸ ಮಾಡುತ್ತಿದ್ದ ತನ್ನ ತಮ್ಮನನ್ನು ಕತ್ತು ಹಿಡಿದು ಗ್ಯಾರೇಜಿನಿಂದ ಆಚೆ ದಬ್ಬಿದ್ದ. "ಅಣ್ಣಾ, ನಾನು ಬಿಗಿದಿದ್ದಲ್ಲ" ಅಂತ ಅವನು ಎಷ್ಟು ಗೋಗರೆದರೂ ಈ ಮಹಾನುಭಾವ ಕಿವಿಗೆ ಹಾಕಿಕೊಳ್ಳಲಿಲ್ಲ. ತಮ್ಮ ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಈ ಕಾರಿಗೆ ವೈರು ಬಿಗಿದದ್ದು ಹೋದ ವರ್ಷ, ಹಿಂದಿನ ಓನರ್ ತಂದಾಗ, ಇವನೊಬ್ಬನೇ.

ಪೇಂಟು ಕೆರೆದು ಬಿಗಿದ. ಎದುರಿನ ಗೋಡೆ ಬೆಳಗಿತು.

"ಯಾರದಪ್ಪ ಈ ಘನಂದಾರಿ ಕೆಲಸ?" ಎಂದರು ಮೇಷ್ಟ್ರು.

"ಇನ್ಯಾರದು ಸಾರ್? ನನ್ನ ತಮ್ಮಂದು" ಎಂದ, ತಲೆ ಎತ್ತದೆ.